ಹೊಳೆಯಾಚೆಯ ಎರಡು ದಿನ

ಈ ಸಲ ನಿನ್ನ ಸಾಕ್ಷಿ ಬೇಡ ಎಂದು ಪ್ರಿಸಿಲ್ಲಾಬಾಯಿ ಬೆಳಗ್ಗೆ ಹೇಳಿದಾಗಿನಿಂದ ಎಸ್ತೇರಳಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದಾಗಿತ್ತು. ನರಗುಂದದ ಬಾಡಿಗೆ ಸಭಾಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲು ಹಚ್ಚಿದಳು. ಸಾಲು ಸೊಟ್ಟಗಿದೆ ಅನ್ನಿಸಿ ಮತ್ತೆ ಸರಿಸಿದಳು. ಉಪ್ಪಿಟ್ಟಿನ ಪಾತೇಲಿಯ ಮುಚ್ಚಳ ತೆಗೆದು ನೋಡಿ, ನೋಡಿದ್ದೇನು ಎಂಬುದು ತಲೆಗೆ ಹೋಗದೆ ಮತ್ತೆ ಮುಚ್ಚಿದಳು. ನಾಲ್ಕು ವರ್ಷಗಳಿಂದ ‘ಮೊದಲುಸಿರು’ ಸಂಸ್ಥೆಯ ವಾರ್ಷಿಕ ಕೂಟದಲ್ಲಿ ಊಟಕ್ಕೆ ಮುಂಚಿನ ಅರ್ಧ ತಾಸು ಅವಳದಾಗಿತ್ತು. ಸೆರಗನ್ನು ತಲೆತುಂಬ ಹೊದ್ದು ವೇದಿಕೆ ಹತ್ತಿ, ರೋಣದ ಒಂದು ಖಾಸಗಿ ದವಾಖಾನೆಯಲ್ಲಿ ತಾನು ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದದ್ದು, ಬಸಿರು ತೆಗೆಸಿಕೊಳ್ಳಲು ಬಂದವರ ಕಾಲ ಬಳಿ ತಟ್ಟೆ ಹಿಡಿದು ನಿಂತದ್ದು, ಒಂದು ದಿನ ಆ ತಟ್ಟೆಗೆ ಕೈ ಏಳದೆ ಕೆಲಸ ಬಿಟ್ಟು ಬಂದದ್ದು, ಇಷ್ಟನ್ನು ಹೇಳುತ್ತಿದ್ದಳು. ಹೇಳುವಾಗ ಪ್ರತಿ ಸಲ ಅದೇ ಜಾಗದಲ್ಲಿ ಗಂಟಲು ಕಟ್ಟುತ್ತಿತ್ತು. ನಟನೆಯಲ್ಲ. ಆದರೆ ಅಲ್ಲಿ ಕಟ್ಟುತ್ತದೆ ಎಂದು ಮೊದಲೇ ಗೊತ್ತಿರುತ್ತಿತ್ತು, ಆ ಗೊತ್ತಿರುವಿಕೆ ಅವಳಿಗೆ ಒಮ್ಮೊಮ್ಮೆ ನಾಚಿಕೆ ತರಿಸುತ್ತಿತ್ತು. “ಇವತ್ತ ನೀ ಆರಾಮ ಕೂಡು ಎಸ್ತೇರ,” ಎಂದಿದ್ದರು ಸಂಸ್ಥೆ ನಡೆಸುವ ಪ್ರಿಸಿಲ್ಲಾಬಾಯಿ, ಹುಬ್ಬಳ್ಳಿಯ ಕಚೇರಿಯಿಂದ ಬಂದ ಕಾರಿನಿಂದ ಇಳಿಯುತ್ತಲೇ. “ಅದನ್ನ ಅದನ್ನ ಕೇಳಿ ಮಂದಿಗೆ ರೂಢಿ ಆಗೇತಿ. ಈ ಸಲ ನಾನ ಮಾತಾಡ್ತೀನಿ.” ಹೇಳುವಾಗ ಅವರು ಎಸ್ತೇರಳ ತೋಳನ್ನು ಮೆಲ್ಲಗೆ ಹಿಡಿದಿದ್ದರು. ಆ ಹಿಡಿತದಲ್ಲಿ ಪ್ರೀತಿಯಿತ್ತು. ಅದಕ್ಕೇ ಅವಳು ಮರುಮಾತಾಡಲಿಲ್ಲ.

ಹಳಸಿದ್ದು ಮಾತೋ ತಾನೋ ಎಂದು ಕುರ್ಚಿಯ ಬೆನ್ನು ಒರೆಸುತ್ತ ಯೋಚಿಸಿದಳು. ಐವತ್ನಾಲ್ಕಾಗಿತ್ತು. ಗಜೇಂದ್ರಗಡದಲ್ಲಿ ಗುಡ್ಡದ ಕೆಳಗೆ, ಮೇಲೆ ನೋಡಿದರೆ ಗಾಳಿಯಂತ್ರಗಳ ರೆಕ್ಕೆ ಕಾಣುವ ಓಣಿಯಲ್ಲಿ, ಸಂಸ್ಥೆಯ ಎರಡು ಕೋಣೆಯ ಕೇಂದ್ರವಿತ್ತು. ಅದರ ಬಾಗಿಲನ್ನು ದಿನಾ ಒಂಬತ್ತಕ್ಕೆ ತೆಗೆಯುವವಳು ಅವಳು. ಬಸಿರು ಬೇಡವಾದ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಯಾರೂ ಅದನ್ನು ಹೇಳಿಕೊಂಡು ಬರುತ್ತಿರಲಿಲ್ಲ. ತಲೆ ತಿರುಗುತ್ತದೆ, ಅನ್ನ ಸೇರುವುದಿಲ್ಲ, ಅಕ್ಕನ ಮನೆಗೆ ಬಂದವಳು ಹಾಗೇ ಬಂದೆ ಎನ್ನುತ್ತಿದ್ದರು. ಎಸ್ತೇರ ಚಹಾ ಕೊಟ್ಟು, ಅವರು ಅಳುವತನಕ ಸುಮ್ಮನೆ ಕೂತು, ಆಮೇಲೆ ಮಾತು ತೆಗೆಯುತ್ತಿದ್ದಳು. ಇಟ್ಟುಕೋ ಎನ್ನುತ್ತಿದ್ದಳು, ನಾವಿದ್ದೇವೆ ಎನ್ನುತ್ತಿದ್ದಳು. ತಪಾಸಣೆಗೆ ತಾನೇ ಕರೆದೊಯ್ಯುತ್ತಿದ್ದಳು, ಹೆರಿಗೆಯ ಹೊತ್ತು ಹೊರಗೆ ಬಾಕಿನ ಮೇಲೆ ಕೂತಿರುತ್ತಿದ್ದಳು, ಹುಟ್ಟಿದ ಕೂಸಿಗೆ ಕುಂಚಿಗೆ ಹೊಲಿದು ಕೊಡುತ್ತಿದ್ದಳು. ಕೆಲವರು ಕೇಳದೆ ಎದ್ದು ಹೋಗುತ್ತಿದ್ದರು. ಹೋದವರ ಬೆನ್ನು ಅವಳಿಗೆ ಬಹಳ ದಿನ ಕಾಣುತ್ತಿತ್ತು. ಉಳಿದ ಕೂಸುಗಳು ನಲವತ್ತೊಂದು. ಸಂತೆಯಲ್ಲಿ ಯಾವುದಾದರೂ ಮಗು ಅವಳ ಕಡೆ ನೋಡಿ ನಕ್ಕರೆ, ಇದು ಆ ನಲವತ್ತೊಂದರಲ್ಲಿ ಒಂದೇನೋ ಎಂದು ಕಾಲು ತಡೆದು ನಿಲ್ಲುತ್ತಿದ್ದಳು. ಈ ಕೆಲಸವನ್ನು ನಂಬಿದ್ದಳು. ಈ ಹೊತ್ತಿಗೂ, ಕೈಯಲ್ಲಿ ಒದ್ದೆ ಅರಿವೆ ಹಿಡಿದು ನಿಂತಾಗಲೂ, ನಂಬಿಯೇ ಇದ್ದಳು.

ವೇದಿಕೆಯ ಬಲಕ್ಕೆ ಜಮಖಾನದ ಮೇಲೆ ಕೂತು ಅವಳ ಗಂಡ ಸಮುವೇಲ ಹಾರ್ಮೋನಿಯಂ ಪೇಟಿಯ ತಿದಿ ಒತ್ತಿ ಸ್ವರ ನೋಡಿಕೊಳ್ಳುತ್ತಿದ್ದ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷ. ಕೂಟಗಳಲ್ಲಿ ಹಾಡಿಗೆ ಪೇಟಿ ನುಡಿಸುವುದು ಈಗ ಅವನ ಕೆಲಸ, ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಬಗ್ಗೆ ಹೆಮ್ಮೆ ಪಡುವುದು ಅವನ ಕೆಲಸ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಲವತ್ತೊಂದು ಎಂದು ನಗುತ್ತಿದ್ದ. ಆಮೇಲೆ ನಗು ನಿಲ್ಲಿಸಿ, ನಮ್ಮದೂ ಒಂದಿತ್ತು, ಹೊಟ್ಟೆಯಲ್ಲಿದ್ದಾಗಲೇ ಕರ್ತ ಕರೆದುಕೊಂಡ, ನಾನಾಗ ಹೊಳೆಯಾಚೆ ಇದ್ದೆ ಎನ್ನುತ್ತಿದ್ದ. ಈ ಕೊನೆಯ ಮಾತನ್ನು ಅವನು ಎಂದೂ ಬಿಟ್ಟದ್ದಿಲ್ಲ. ಎಸ್ತೇರ ಪಕ್ಕದಲ್ಲಿದ್ದರೆ ಆ ಹೊತ್ತಿಗೆ ಸರಿಯಾಗಿ ನೀರಿಗೋ ಚಹಾಕ್ಕೋ ಎದ್ದು ಹೋಗುತ್ತಿದ್ದಳು, ಜನ ಅದನ್ನು ತಾಯಿಯ ಸಂಕಟ ಎಂದು ತಿಳಿಯುತ್ತಿದ್ದರು. ಇಪ್ಪತ್ತೇಳು ವರ್ಷದ ಹಿಂದೆ ಅವರ ಮನೆ ರೋಣದಲ್ಲಿತ್ತು. ಸಮುವೇಲನಿಗೆ ಕೊಣ್ಣೂರು ದಾಟಿ ಹೋಗುವ ವಸ್ತಿ ಬಸ್ಸಿನ ಪಾಳಿ. ಸಂಜೆ ಹೊರಟು, ಹೊಳೆಯಾಚೆಯ ಹಳ್ಳಿಯಲ್ಲೇ ಮಲಗಿ, ಬೆಳಗ್ಗೆ ಮರಳುವುದು. ಆ ಆಗಸ್ಟಿನಲ್ಲಿ ಮಲಪ್ರಭೆ ಏರಿತು, ಕೊಣ್ಣೂರಿನ ಸೇತುವೆ ಮುಳುಗಿತು, ಬಸ್ಸು ಎರಡು ದಿನ ಆಚೆ ದಂಡೆಯಲ್ಲೇ ನಿಂತಿತು. ಎಸ್ತೇರಳಿಗೆ ಮೂರನೇ ತಿಂಗಳು. ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸುವುದು ಅವಳ ಮೇಲೆ, ದವಾಖಾನೆಯ ಕೆಲಸ ಹತ್ತಿ ಇನ್ನೂ ಐದು ವಾರ, ಬಸುರಿಯನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಡಾಕ್ಟರು ಅವಳ ಮುಖ ನೋಡದೆ ಅಂದಿದ್ದರು. ಒಂದು ವಾರದಿಂದ ಮನಸ್ಸಿನಲ್ಲಿದ್ದುದಕ್ಕೆ ಹೊಳೆ ಎರಡು ದಿನ ಬಿಡುವು ಕೊಟ್ಟಿತು. ಅತ್ತೆಗೆ ಗಂಜಿ ಕುಡಿಸಿ, ಬೇರೆ ಊರಿಗೆ ಹೋಗಿ, ಬೇರೆ ಹೆಸರು ಬರೆಸಿ, ತೆಗೆಸಿಕೊಂಡು ಸಂಜೆಯೊಳಗೆ ಬಂದಳು. ಇನ್ನೊಂದು ಆದೀತು ಎಂದುಕೊಂಡಿದ್ದಳು. ಆ ವಯಸ್ಸಿಗೆ ಹಾಗೆ ಅಂದುಕೊಳ್ಳುವುದು ಬಹಳ ಸುಲಭ. ಮೂರನೇ ದಿನ ಸಮುವೇಲ ಮೊಳಕಾಲವರೆಗೆ ಕೆಸರು ಮೆತ್ತಿಕೊಂಡು ಬಂದಾಗ, ತಾನಾಗಿಯೇ ಹೋಯಿತು ಎಂದಳು. ಅವನು ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ಅತ್ತ. ನಾನಿದ್ದಿದ್ದರೆ ಲಗೂನೆ ದವಾಖಾನೆಗೆ ಒಯ್ಯುತ್ತಿದ್ದೆ, ಕೂಸು ಉಳಿಯುತ್ತಿತ್ತು ಎಂದ. ಎಸ್ತೇರ ಅವನ ಬೆನ್ನ ಮೇಲೆ ಕೈಯಿಟ್ಟು, ನಿಮ್ಮ ತಪ್ಪಲ್ಲ ಎಂದಳು. ತೆಗೆಸಿಕೊಂಡದ್ದಕ್ಕಿಂತ, ಬೆನ್ನ ಮೇಲೆ ಕೈಯಿಟ್ಟು ಹಾಗೆ ಅಂದದ್ದು ಅವಳನ್ನು ಈ ಇಪ್ಪತ್ತೇಳು ವರ್ಷ ತಿಂದಿತು. ಇನ್ನೊಂದು ಆಗಲಿಲ್ಲ.

ಈ ಮಾತನ್ನು ಅವಳು ಭೂಮಿಯ ಮೇಲೆ ಒಬ್ಬರಿಗೆ ಹೇಳಿದ್ದಳು. ಈ ವರ್ಷದ ಶುಭ ಶುಕ್ರವಾರಕ್ಕೆ ಮೂರು ದಿನ ಮುಂಚೆ ಪ್ರಿಸಿಲ್ಲಾಬಾಯಿ ಗಜೇಂದ್ರಗಡದ ಕೇಂದ್ರಕ್ಕೆ ಬಂದಿದ್ದರು. ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ದಾನ ಬಂದ ಕೂಸಿನ ಬಟ್ಟೆಗಳನ್ನು ಮಡಚುತ್ತಿದ್ದರು. ಅಂಗೈಯಗಲದ ಒಂದು ಹಳದಿ ಅಂಗಿ ಮಡಚಲು ಬಾರದೆ ಎಸ್ತೇರ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಏನಾತವ್ವಾ ಎಂದು ಅವರು ಕೇಳಿದರು. ಅಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳುವುದು ಅವಳ ಕೆಲಸವಾಗಿತ್ತು. ಎಲ್ಲವನ್ನೂ ಹೇಳಿದಳು. ಹೊಳೆ, ಸೇತುವೆ, ಬೇರೆ ಹೆಸರು, ಬಾಗಿಲ ಚೌಕಟ್ಟು. ಪ್ರಿಸಿಲ್ಲಾಬಾಯಿ ಅವಳ ತಲೆಯನ್ನು ತಮ್ಮ ತೊಡೆಗೆ ಒತ್ತಿಕೊಂಡು ಬಹಳ ಹೊತ್ತು ಪ್ರಾರ್ಥಿಸಿದರು, ತಾವೂ ಅತ್ತರು. “ಇದು ನಿನ್ನ, ನನ್ನ, ಕರ್ತನ ನಡುವ ಐತಿ ಎಸ್ತೇರ. ಇಲ್ಲಿಗೇ ಮುಗೀತು,” ಎಂದರು. ಮುಗಿಯಿತು ಎಂದೇ ಅವಳು ತಿಳಿದಳು. ಆ ವಾರದಿಂದ ಅವಳಿಗೆ ಅನ್ನದ ರುಚಿ ಹತ್ತತೊಡಗಿತ್ತು.

ಹನ್ನೆರಡಕ್ಕೆ ಭವನ ತುಂಬಿತು. ಗದಗ, ಬೆಟಗೇರಿ, ಹುಬ್ಬಳ್ಳಿಯ ಸಭೆಗಳವರು, ಸುತ್ತಲಿನ ಹಳ್ಳಿಯವರು, ಕೆಲವರು ಊಟಕ್ಕೆಂದೇ ಬಂದವರು. ಎಸ್ತೇರಳಿಗೆ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದರೂ ಅವಳು ಹಿಂದೆ, ಕೈ ತೊಳೆಯುವ ನಳದ ಬಳಿ, ಕಂಬಕ್ಕೆ ಒರಗಿ ನಿಂತಳು. ಪ್ರಿಸಿಲ್ಲಾಬಾಯಿ ಮೈಕು ಹಿಡಿದು ಶಾಂತವಾಗಿ ಶುರು ಮಾಡಿದರು. ಕೊಲ್ಲುವವರು ಹೊರಗಿನವರು ಎಂದು ತಿಳಿಯಬೇಡಿ, ಗಾಯ ನಮ್ಮ ನಡುವೆಯೇ ಇದೆ, ಎಂದರು. ಒಬ್ಬ ಸಹೋದರಿಯ ಮಾತು ಹೇಳುತ್ತೇನೆ, ಹೆಸರು ಬೇಡ, ಎಂದರು. ಅಷ್ಟು ಕೇಳಿದಾಗ ಎಸ್ತೇರಳಿಗೆ ಆ ಹೆಸರಿಲ್ಲದ ಹೆಣ್ಣಿನ ಮೇಲೆ ಮರುಕವೇ ಹುಟ್ಟಿತು. ಆಕೆ ಒಬ್ಬ ನರ್ಸ್, ಎಂದರು. ಎಸ್ತೇರ ನಳದ ತುದಿಯಿಂದ ಉದುರುವ ಹನಿಯನ್ನು ನೋಡುತ್ತಿದ್ದಳು. ಗಂಡ ಬಸ್ಸಿನ ಕೆಲಸಕ್ಕೆ ಹೋಗುವವನು, ಎಂದರು. ಹನಿ ಉದುರಲಿಲ್ಲ, ಉಬ್ಬಿಕೊಂಡು ನಿಂತಿತ್ತು. ಹೊಳೆ ಬಂದು ಗಂಡ ಆಚೆ ದಂಡೆಯಲ್ಲಿ ಸಿಕ್ಕಿಬಿದ್ದ ಎರಡು ದಿನದಲ್ಲಿ, ಎಂದರು. ಆಮೇಲೆ ಮಾತುಗಳು ಅವಳಿಗೆ ಅರ್ಥವಾಗಿ ಕೇಳಲಿಲ್ಲ, ದನಿಯ ಏರಿಳಿತವಾಗಿ ಮಾತ್ರ ಕೇಳಿದವು. ಗಂಟಲು ಕಟ್ಟಬೇಕಾದಲ್ಲಿ ಪ್ರಿಸಿಲ್ಲಾಬಾಯಿಯ ಗಂಟಲು ಕಟ್ಟಿತು. ತಾನಾಗಿಯೇ ಹೋಯಿತು ಎಂದು ಸುಳ್ಳು ಹೇಳಿದಳು, ಎಂಬಲ್ಲಿ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಎದ್ದು ಭವನದ ತುಂಬ ಹರಡಿತು. ಆ ಸಹೋದರಿಯ ಮಡಿಲು ಇವತ್ತಿಗೂ ಬರಿದಾಗಿದೆ, ಆದರೆ ಕರ್ತನು ಅವಳ ಕೈಯಿಂದ ನಲವತ್ತೊಂದು ಕೂಸುಗಳನ್ನು ಉಳಿಸಿದ್ದಾನೆ, ಎಂದರು. ನಲವತ್ತೊಂದು ಎಂಬ ಆ ಲೆಕ್ಕವನ್ನು ಭವನದಲ್ಲಿದ್ದ ಅರ್ಧ ಜನ ಸಮುವೇಲನ ಬಾಯಿಂದಲೇ ಕೇಳಿದ್ದರು. ಕುರ್ಚಿಗಳಲ್ಲಿ ಕೆಲವು ತಲೆಗಳು ತಿರುಗಿದವು. ಮೊದಲು ಹಿಂದಕ್ಕೆ, ಕಂಬದ ಕಡೆ. ಆಮೇಲೆ, ಅದಕ್ಕಿಂತ ಮೆಲ್ಲಗೆ, ವೇದಿಕೆಯ ಬಲಕ್ಕೆ.

ಅವಳು ನೋಡಬಾರದೆಂದುಕೊಂಡು ನೋಡಿದಳು. ಸಮುವೇಲ ತಲೆ ತಗ್ಗಿಸಿರಲಿಲ್ಲ. ಪ್ರಿಸಿಲ್ಲಾಬಾಯಿಯನ್ನೇ ನೋಡುತ್ತಿದ್ದ, ಪಾಠ ಪೂರ್ತಿ ತಿಳಿಯದ ಹುಡುಗ ಮಾಸ್ತರನನ್ನು ನೋಡುವಂತೆ, ಇನ್ನೊಮ್ಮೆ ಹೇಳಿದರೆ ತಿಳಿದೀತೇನೋ ಎಂಬಂತೆ. ಅವನ ಎಡಗೈ ತಿದಿಯ ಮೇಲಿತ್ತು, ತಿದಿ ಅರ್ಧ ತೆರೆದಿತ್ತು. ಮಾತು ಮುಗಿದ ಮೇಲೆ ಹಾಡಿಗೆ ಎಲ್ಲರೂ ಎದ್ದು ನಿಂತರು, ಹಾಡು ಹಿಡಿಯುವಾಕೆ ಅವನ ಕಡೆ ನೋಡಿ ಸನ್ನೆ ಮಾಡಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅವನು ನುಡಿಸಿದ. ಎಲ್ಲೂ ಸ್ವರ ತಪ್ಪಲಿಲ್ಲ. ನಾಲ್ಕು ನುಡಿಯ ಆ ಹಾಡನ್ನು ಅವನು ಕೊನೆಯವರೆಗೆ ನುಡಿಸಿದ, ಪೇಟಿ ಮುಚ್ಚಿದ, ಅದರ ಮೇಲೆ ಅರಿವೆ ಹೊದಿಸಿ ನಾಲ್ಕೂ ಮೂಲೆ ಎಳೆದು ಸರಿ ಮಾಡಿದ, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಹೋದ. ಊಟಕ್ಕೆ ಬರಲಿಲ್ಲ. ಕೂಗಾಡಿ ಹೋಗಿದ್ದರೂ ಆಗುತ್ತಿತ್ತು ಎಂದು ಎಸ್ತೇರಳಿಗೆ ಅನ್ನಿಸಿತು.

ಪ್ರಿಸಿಲ್ಲಾಬಾಯಿಯನ್ನು ಅವಳು ಅಡುಗೆ ಕೋಣೆಯ ಹಿಂದೆ, ಖಾಲಿ ಪಾತೇಲಿಗಳ ನಡುವೆ ಹಿಡಿದು ನಿಲ್ಲಿಸಿದಳು. ಬೈಯಬೇಕೆಂದು ಹೋಗಿದ್ದವಳಿಗೆ ಬಾಯಿಂದ ಬಂದದ್ದು ಒಂದೇ ಮಾತು, ಅದೂ ಬೇಡಿಕೆಯಂತೆ: “ಅವರು ಅಲ್ಲೇ ಕುಂತಿದ್ರಲ್ರಿ.” ಪ್ರಿಸಿಲ್ಲಾಬಾಯಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಗಂಡನಿಗೆ ನೀನೇ ಎಂದೋ ಹೇಳಿರುತ್ತೀ ಎಂದು ತಿಳಿದಿದ್ದೆ, ಎಂದರು. ಆಮೇಲೆ, ಅದು ಸುಳ್ಳೆಂದು ತಮಗೇ ಅನ್ನಿಸಿತೋ ಏನೋ, ದನಿ ಬದಲಿಸಿದರು. ಹೆಸರು ಹೇಳಲಿಲ್ಲವಲ್ಲ, ಎಂದರು. ಅವರು ಅವಳ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ಅದೂ ಸುಳ್ಳಿನದಲ್ಲ. “ಈಗ ಒಬ್ಬಾಕಿ ನನ್ನ ಕಡೆ ಬಂದು ಅತ್ತು ಹೋದ್ಲು ಎಸ್ತೇರ. ನಾಳೆ ತೆಗಸಾಕ ಹೊಂಟಾಕಿ ಆಕಿ, ಹೋಗಂಗಿಲ್ಲ ಅಂದ್ಲು. ಒಂದು ಜೀವ ಉಳೀತು. ನೀನ ಹೇಳು, ಅದಕ್ಕಿಂತ ನಮ್ಮ ಮರ್ಯಾದಿ ದೊಡ್ಡದೇನ?” ಆ ಕೂಸು ಉಳಿಯಲಿ ಎಂದೇ ಎಸ್ತೇರಳ ಮನಸ್ಸು ಮೊದಲು ಅಂದಿತು. ಎರಡನೆಯದಾಗಿ, ಈ ಮಾತು ತನಗೆ ಹೊಸದಲ್ಲ ಎಂದು ಹೊಳೆಯಿತು. ಈ ಮಾತನ್ನು ಇದೇ ರೀತಿ, ಎದುರಿಗಿದ್ದವಳ ಎರಡೂ ಕೈ ಹಿಡಿದುಕೊಂಡು, ತಾನೇ ಹೇಳಿದ್ದಳು.

ಹೇಳಿದ್ದು ನಿಲೋಫರಳಿಗೆ. ರಾಜೂರಿನಲ್ಲಿ ಗಾದಿ ಹೊಲಿಯುವ ಜಂಗ್ಲಿಸಾಬನ ಮಗಳು, ನರಗುಂದದಲ್ಲಿ ಹಣ್ಣಿನ ವ್ಯಾಪಾರ ಮಾಡುವ ಸಾಜೀದನಿಗೆ ಕೊಟ್ಟಿದ್ದ ಹುಡುಗಿ. ಎರಡು ಹೆಣ್ಣಾದ ಮೇಲೆ ಮೂರನೆಯದು ನಿಂತಾಗ ಯಾರಿಗೂ ಹೇಳದೆ ಅಂಗಡಿಯಿಂದ ಗುಳಗಿ ತರಿಸಿ ನುಂಗಿದ್ದಳು. ಬಸಿರು ಹೋಗಲಿಲ್ಲ, ಹೊಟ್ಟೆನೋವು ಮಾತ್ರ ಬಂತು. ತವರಿಗೆ ಬಂದವಳು ಹೆದರಿ ಗಜೇಂದ್ರಗಡದ ಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದಳು. ಎಸ್ತೇರ ಅವಳನ್ನು ಏಳು ತಿಂಗಳು ನೋಡಿಕೊಂಡಳು. ಗಂಡು ಕೂಸಾಯಿತು, ಉಮರ ಎಂದು ಹೆಸರಿಟ್ಟರು, ಸಾಜೀದ ಓಣಿಗೆಲ್ಲ ಸಕ್ಕರೆ ಹಂಚಿದ. ಹೋದ ವರ್ಷದ ಕೂಟದಲ್ಲಿ ಎಸ್ತೇರ ತನ್ನ ಸಾಕ್ಷಿಗೆ ಆ ಕಥೆಯನ್ನೂ ಸೇರಿಸಿದಳು. ಹೆಸರು ಹೇಳಲಿಲ್ಲ. ಜನ ಬಹಳ ಅತ್ತರು. ಆ ಅಳುವಿನಿಂದ ಮೈ ತುಂಬಿದಂತಾಗಿತ್ತು ಅವಳಿಗೆ, ಹೊಸ ಕಥೆಯೊಂದು ಸಿಕ್ಕಿದೆ ಅನ್ನಿಸಿತ್ತು. ಹಾಗೆ ಅನ್ನಿಸಿದ್ದನ್ನು ಇವತ್ತಿನವರೆಗೆ ಅವಳು ತನಗೇ ಒಪ್ಪಿಕೊಂಡಿರಲಿಲ್ಲ. ಹುಬ್ಬಳ್ಳಿಯಿಂದ ಕರಪತ್ರ ಬೇಕೆಂದಾಗ ಕಥೆಯನ್ನು ಬರೆದು ಕಳಿಸಿದಳು, ಜತೆಗೆ ತಾನು ಹೊಲಿದ ಕುಂಚಿಗೆ ತೊಟ್ಟ ಉಮರನ ಚಿತ್ರ. ರಾಜೂರಿನ ಗಾದಿ ಹೊಲಿಯುವವರ ಮಗಳು ಎಂದೂ ಬರೆದಿದ್ದಳು, ಕಥೆ ಜೀವಂತವಾಗಲಿ ಎಂದು. ಆ ಕರಪತ್ರ ನರಗುಂದದ ಬಸ್ ನಿಲ್ದಾಣದಲ್ಲಿ ಹಂಚಿಕೆಯಾಗಿ, ಕೈಯಿಂದ ಕೈಗೆ ಹೋಗಿ, ಸಾಜೀದನ ಹಣ್ಣಿನ ಬುಟ್ಟಿಯ ಮೇಲೆ ಬಂದು ಕೂತಿತು. ಅವನು ಮಗನ ಮುಖ ನೋಡಿ, ಓದಿಸಿ ಕೇಳಿ, ನನ್ನ ಮಗನನ್ನು ಕೊಲ್ಲಲು ಹೊರಟವಳು ಎಂದು ನಿಲೋಫರಳನ್ನು ಉಮರನ ಜತೆ ತವರಿಗೆ ಬಿಟ್ಟುಹೋದ. ಹೆಣ್ಣುಮಕ್ಕಳಿಬ್ಬರನ್ನು ತನ್ನ ತಾಯಿಯ ಹತ್ತಿರ ಇಟ್ಟುಕೊಂಡ. ಜನವರಿಯಲ್ಲಿ ನಿಲೋಫರ ಕೇಂದ್ರಕ್ಕೆ ಬಂದು, ಆ ಕರಪತ್ರವನ್ನು ಮೇಜಿನ ಮೇಲಿಟ್ಟು, ನಾನು ನಿಮಗೆ ಹೇಳಿದ್ದೆ ಅಕ್ಕಾರ, ಊರಿಗೆ ಹೇಳಿರಲಿಲ್ಲ ಎಂದಿದ್ದಳು. ಆಗ ಎಸ್ತೇರ ಅವಳ ಎರಡೂ ಕೈ ಹಿಡಿದು, ನಿನ್ನ ಹೆಸರು ಹಾಕಿಲ್ಲವಲ್ಲ, ಇದನ್ನು ಓದಿ ಎಷ್ಟು ಜೀವ ಉಳಿದಾವು, ಅದಕ್ಕಿಂತ ನಿನ್ನ ಮರ್ಯಾದೆ ದೊಡ್ಡದೇ ಎಂದು ಕೇಳಿದ್ದಳು. ಕೇಳಿದಾಗ ಅವಳ ಕಣ್ಣಲ್ಲೂ ನೀರಿತ್ತು. ನಿಲೋಫರ ಕೈ ಬಿಡಿಸಿಕೊಂಡು ಹೋದ ಮೇಲೆ ಎಷ್ಟೋ ದಿನ ಎದೆಯಲ್ಲಿ ಏನೋ ಕದಡಿದಂತಿತ್ತು. ಆ ಕದಡಿದ್ದೇ ಹಳದಿ ಅಂಗಿಯ ಆ ಮಧ್ಯಾಹ್ನ ಪ್ರಿಸಿಲ್ಲಾಬಾಯಿಯ ತೊಡೆಯ ಮೇಲೆ ಬೇರೊಂದು ಗುಟ್ಟಾಗಿ ಹೊರಬಿದ್ದಿತ್ತು ಎಂಬುದು ಈಗ, ಖಾಲಿ ಪಾತೇಲಿಗಳ ನಡುವೆ, ತಿಳಿಯಿತು. ಅವಳು ಪ್ರಿಸಿಲ್ಲಾಬಾಯಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು.

ಸಮುವೇಲ ಬಸ್ ನಿಲ್ದಾಣದಲ್ಲಿ ಗಜೇಂದ್ರಗಡದ ಬಸ್ಸು ಹತ್ತಿ ಕೂತಿದ್ದ, ಮುಂದಿನ ಬಾಗಿಲ ಬಳಿಯ ಒಂಟಿ ಸೀಟಿನಲ್ಲಿ. ಪಕ್ಕದಲ್ಲಿ ಜಾಗವೇ ಇಲ್ಲದ ಸೀಟು. ಎಸ್ತೇರ ಎರಡು ಸಾಲು ಹಿಂದೆ ಕೂತಳು. ಅವನ ಕೊರಳ ಹಿಂದಿನ ಗೆರೆಗಳು, ಬೆಳಗ್ಗೆ ಅವಳೇ ಇಸ್ತ್ರಿ ಮಾಡಿ ಕೊಟ್ಟ ಅಂಗಿಯ ಕಾಲರು, ಅಷ್ಟು ಕಾಣುತ್ತಿತ್ತು. ಕಂಡಕ್ಟರ್ ಹುಡುಗಿ ಅವನನ್ನು ಗುರುತಿಸಿ, ಅಪ್ಪಾರ ಆರಾಮೇನ್ರಿ ಎಂದಳು, ಆರಾಮ ಎಂದ. ದನಿ ಎಂದಿನಂತೆಯೇ ಇತ್ತು. ಬಿಳಿಜೋಳದ ಹೊಲಗಳು, ಕಡಲೆಯ ಹೊಲಗಳು, ಕರಿಮಣ್ಣು. ಇಷ್ಟು ವರ್ಷ ಈ ಮನುಷ್ಯ ಹೊಳೆಯನ್ನೂ ಸೇತುವೆಯನ್ನೂ ತನ್ನನ್ನೂ ಬೈದುಕೊಂಡದ್ದನ್ನು ಅವಳು ಲೆಕ್ಕ ಹಾಕಲು ನೋಡಿದಳು. ಕೊಣ್ಣೂರಿನಲ್ಲಿ ನೀರು ಏರಿದೆ ಎಂದು ಪೇಪರಿನಲ್ಲಿ ಬಂದ ದಿನ ಅವನು ಊಟ ಬಿಡುತ್ತಿದ್ದ. ಆ ದಿನಗಳಲ್ಲಿ ಅವಳು ಅವನಿಗೆ ಇಷ್ಟವೆಂದು ಹೆಸರುಕಾಳಿನ ಪಲ್ಯ ಮಾಡಿ, ಒಂದು ತುತ್ತಾದರೂ ತಿನ್ನಿ ಎಂದು ಬೇಡುತ್ತಿದ್ದಳು. ಒಬ್ಬ ಹೆಂಗಸು ಮೈಕಿನ ಮುಂದೆ ತನಗೆ ಮಾಡಿದ್ದು ಅರ್ಧ ತಾಸಿನ ಕೆಲಸ. ತಾನು ಈತನಿಗೆ ಮಾಡಿದ್ದು ದಿನಾ ಮಾಡಿದ್ದು, ತಾಟಿನಲ್ಲಿ ಬಡಿಸಿ ಮಾಡಿದ್ದು. ಆದರೂ ಸಿಟ್ಟು ಪ್ರಿಸಿಲ್ಲಾಬಾಯಿಯ ಮೇಲೇ ಬರುತ್ತಿತ್ತು, ಬೆಂಕಿಯಂತೆ, ತಡೆದರೂ ಬರುತ್ತಿತ್ತು. ಹೇಳುವ ಹಕ್ಕು ನನ್ನದಾಗಿತ್ತು, ಎಂದಾದರೂ ನಾನೇ ಹೇಳುತ್ತಿದ್ದೆ ಎಂದು ಮನಸ್ಸು ಕೂಗುತ್ತಿತ್ತು. ಹೇಳುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ರೋಣದಲ್ಲಿ ಬಸ್ಸು ನಿಂತಾಗ ಸಮುವೇಲ ಎದ್ದ. ಅವಳ ಸೀಟಿನ ಬಳಿ ಬಂದು, ಅವಳನ್ನಲ್ಲ, ಸೀಟಿನ ಕಬ್ಬಿಣದ ಹಿಡಿಕೆಯನ್ನು ನೋಡುತ್ತ, ತಂಗಿಯ ಮನೆಗೆ ಹೋಗುತ್ತೇನೆ ಎಂದ. ಇಳಿದು ಹೋದ.

ಮರುದಿನ ಭಾನುವಾರ. ಚರ್ಚಿನ ಗಂಟೆ ಕೇಳಿದರೂ ಎಸ್ತೇರ ಆ ಕಡೆ ಹೋಗಲಿಲ್ಲ. ಕೇಂದ್ರದ ಬಾಗಿಲು ತೆಗೆದು, ಕಪಾಟಿನಿಂದ ದೊಡ್ಡ ರಜಿಸ್ಟರು ಇಳಿಸಿದಳು. ನಿಲೋಫರಳ ಹಾಳೆ ತನ್ನದೇ ದುಂಡು ಅಕ್ಷರದಲ್ಲಿತ್ತು: ಎಷ್ಟು ಗುಳಗಿ, ಯಾವ ದಿನ, ಗಂಡನಿಗೆ ತಿಳಿದಿಲ್ಲ, ಅತ್ತೆಗೆ ತಿಳಿದಿಲ್ಲ. ಹಾಳೆಯನ್ನು ಹೊಲಿಗೆಯ ತನಕ ಹರಿದು, ಮಡಚಿ ಬೈಬಲ್ಲಿನಲ್ಲಿಟ್ಟುಕೊಂಡು, ರಾಜೂರಿಗೆ ಹೋಗುವ ಟಂಟಂ ಹತ್ತಿದಳು. ಎದುರು ಕೂತ ಲಕ್ಕಲಕಟ್ಟಿಯ ಮುದುಕಿಯೊಬ್ಬಳು, ಭಾನುವಾರ ಗುಡಿ ಬಿಟ್ಟು ಎಲ್ಲಿ ಹೊರಟಿರಿ ನರ್ಸಬಾಯಿ ಎಂದು ಕೇಳಿದಳು. ಒಂದು ಸಾಮಾನು ಮುಟ್ಟಿಸಬೇಕು ಎಂದಳು ಎಸ್ತೇರ. ಜಂಗ್ಲಿಸಾಬ ಅಂಗಳದಲ್ಲಿ ಅರ್ಧ ಹೊಲಿದ ಗಾದಿಯ ಮೇಲೆ ಕೂತು ದಬ್ಬಣ ಹಾಕುತ್ತಿದ್ದ, ಮೀಸೆ ಹುಬ್ಬುಗಳಿಗೆಲ್ಲ ಹತ್ತಿ ಹತ್ತಿತ್ತು. ಅವಳನ್ನು ಕಂಡು ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದ. ನಿಲೋಫರಳ ತಾಯಿ ಮದರಬಿ ಬಾಗಿಲಲ್ಲಿ ಅಡ್ಡ ನಿಂತು, ಇನ್ನೇನು ಬರೆಯುವುದು ಉಳಿದಿದೆ ಎಂದು ಮಾತ್ರ ಕೇಳಿದಳು. ಒಳಗಿನಿಂದ ನಿಲೋಫರ ಉಮರನನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಸೊರಗಿದ್ದಳು. ಕೂಸು ದುಂಡಗಿತ್ತು.

ಎಸ್ತೇರ ಹಾಳೆ ಕೊಟ್ಟಳು. ನಿಲೋಫರ ನಿಂತಲ್ಲೇ ಪೂರ್ತಿ ಓದಿದಳು, ಹಿಂದೆ ತಿರುಗಿಸಿ ಖಾಲಿ ಬದಿಯನ್ನೂ ನೋಡಿದಳು. ಬಂದ ದಾರಿಯುದ್ದಕ್ಕೂ ಎಸ್ತೇರ ಹೇಳಬೇಕೆಂದು ಜೋಡಿಸಿಕೊಂಡದ್ದಿತ್ತು. ನನಗೂ ನಿನ್ನೆ ಹಾಗೇ ಆಯಿತು, ನನ್ನ ಗಂಡನೂ ಹೋದ ಎನ್ನಬೇಕೆಂದಿದ್ದಳು. ಈಗ ಎದುರಿಗೆ ನಿಂತಾಗ ಅದು ಕ್ಷಮೆ ಕೇಳುವುದಲ್ಲ, ಇವಳಿಂದಲೂ ಒಂದು ಅಳು ಗಳಿಸುವುದು ಅನ್ನಿಸಿ ನುಂಗಿಕೊಂಡಳು.

“ಇದರ ಇನ್ನೊಂದು ಪ್ರತಿ ಎಲ್ಲೈತ್ರಿ?” ನಿಲೋಫರ ಕೇಳಿದಳು.

ಇಲ್ಲ, ಇದೊಂದೇ ಎನ್ನಲು ನಾಲಿಗೆ ಸಿದ್ಧವಾಗಿತ್ತು. ಅಂದಿದ್ದರೆ ಆ ಹುಡುಗಿಗೆ ಒಂದು ದಿನವಾದರೂ ಸಮಾಧಾನವಾಗುತ್ತಿತ್ತು. ಎಸ್ತೇರ ಹುಬ್ಬಳ್ಳಿಯಲ್ಲಿದೆ ಎಂದಳು, ಕಂಪ್ಯೂಟರಿನಲ್ಲಿದೆ ಎಂದಳು, ಅದನ್ನು ತೆಗೆಸುವುದು ತನ್ನ ಕೈಯಲ್ಲಿಲ್ಲ, ಕೇಳುತ್ತೇನೆ, ಆದೀತೆಂದು ಹೇಳಲಾರೆ ಎಂದಳು. ಉಮರ ಹಾಳೆಗೆ ಕೈ ಹಾಕಿದ. ನಿಲೋಫರ ಅದನ್ನು ಅವನಿಗೆ ಸಿಗದಂತೆ ಮೇಲೆತ್ತಿ ಹಿಡಿದಳು.

“ಇವನ್ನ ಇಟ್ಟುಕೊಂಡಿದ್ದು ಚಲೋ ಆತ್ರಿ ಅಕ್ಕಾರ. ಅದನ್ನ ನಾ ಇಲ್ಲ ಅನ್ನಂಗಿಲ್ಲ. ಆದ್ರ ಇನ್ನ ಮ್ಯಾಲ ಯಾರ ಮುಂದೂ ನನ್ನ ಮಾತು ತೆಗೀಬ್ಯಾಡ್ರಿ. ಒಳ್ಳೇದಕ್ಕೂ ತೆಗೀಬ್ಯಾಡ್ರಿ.”

ಇಲ್ಲವ್ವ ಎಂದಳು ಎಸ್ತೇರ. ನಿಲೋಫರ ಅದನ್ನು ನಂಬಿದಳೋ ಇಲ್ಲವೋ, ಒಳಗೆ ಹೋದಳು. ಕುಳ್ಳಿರಿ ಎಂದು ಯಾರೂ ಅನ್ನಲಿಲ್ಲ. ನೀರು ಬೇಕೇ ಎಂದು ಕೇಳಲಿಲ್ಲ. ಈ ಮನೆಯಲ್ಲಿ ಅವಳಿಗೆ ಹಿಂದೆಲ್ಲ ಹೊಸ ಗಾದಿಯ ಮೇಲೆ ಕೂರಿಸಿ ಸುರಕುಂಬಾ ಪಾಯಸ ಕೊಡುತ್ತಿದ್ದರು. ಅಂಗಳ ದಾಟುವಾಗ ಜಂಗ್ಲಿಸಾಬ ತಲೆಯೆತ್ತದೆ, ದಬ್ಬಣ ಬಿದ್ದಿದೆ, ಕಾಲು ನೋಡಿ ಇಡಿ ಎಂದ. ಅವಳು ನೋಡಿ ಇಟ್ಟಳು. ರಸ್ತೆಗೆ ಬಂದ ಮೇಲೆ ಟಂಟಂ ಕಾಯದೆ ನಡೆದಳು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. ಅಳು ಬಂದೀತೆಂದು ಕಾದಳು, ಬರಲಿಲ್ಲ. ಅಷ್ಟು ವರ್ಷ ಬೇರೆಯವರ ಅಳುವಿಗೆ ಕಾದು ಕೂತವಳಿಗೆ ತನ್ನದನ್ನು ಹೇಗೆ ಶುರು ಮಾಡುವುದೆಂದು ಮರೆತುಹೋದಂತಿತ್ತು. ನಾಳೆ ಒಂಬತ್ತಕ್ಕೆ ಆ ಬಾಗಿಲು ತೆಗೆಯುವುದೋ ಬಿಡುವುದೋ ಅವಳಿಗೆ ತಿಳಿಯಲಿಲ್ಲ. ತೆಗೆಯದಿದ್ದರೆ ಮೆಟ್ಟಿಲ ಮೇಲೆ ಬಂದು ಕೂತವಳು ಎಲ್ಲಿಗೆ ಹೋದಾಳು. ತೆಗೆದರೆ, ನನ್ನ ಮುಂದೆ ಹೇಳು ಎಂದು ಅವಳಿಗೆ ಯಾವ ಬಾಯಿಂದ ಅಂದೇನು.

ಮನೆಗೆ ಬಂದಾಗ ಸಮುವೇಲ ಪಡಸಾಲೆಯಲ್ಲಿ ಮಂಚದ ತುದಿಗೆ ಕೂತಿದ್ದ. ನಿನ್ನೆಯ ಅಂಗಿಯೇ ಮೈಮೇಲಿತ್ತು, ಗಡ್ಡ ಬೆಳ್ಳಗೆ ಮೊಳೆತಿತ್ತು. ಅವಳು ಚಪ್ಪಲಿ ಬಿಟ್ಟು, ಬೈಬಲ್ಲನ್ನು ಗೂಡಿನಲ್ಲಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಊಟ ಆಯಿತೇ ಎಂದು ಕೇಳುವ ಧೈರ್ಯವಾಗಲಿಲ್ಲ. ಬೈಗುಳಕ್ಕೆ ಕಾದಳು, ಹೊಡೆತಕ್ಕೂ ಕಾದಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೈಯೆತ್ತದವನು ಇವತ್ತು ಎತ್ತಿದರೆ ಇಬ್ಬರಿಗೂ ಸುಲಭವಾದೀತು ಅನ್ನಿಸಿತು. ಅವನು ಮಾತಾಡಿದಾಗ ದನಿ ಸಣ್ಣದಾಗಿತ್ತು.

“ಹೆಣ್ಣೋ ಗಂಡೋ, ಗೊತ್ತಾಗಿತ್ತೇನ?”

“ಇಲ್ರಿ. ಮೂರ ತಿಂಗಳಿತ್ತು.”

ಅವನು ತಲೆಯಾಡಿಸಿದ. ಮಂಚದ ಪಟ್ಟಿಯಿಂದ ಎದ್ದ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದ.

“ನಾ ಹೆಣ್ಣಂತ ತಿಳಕೊಂಡಿದ್ದೆ. ಹೆಸರೂ ಇಟ್ಟಿದ್ದೆ.”

ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದ ಮನುಷ್ಯ ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಅವನೊಳಗೆ ಇಪ್ಪತ್ತೇಳು ವರ್ಷದಿಂದ ಒಂದು ಹುಡುಗಿ ಬೆಳೆಯುತ್ತಿದ್ದಳು, ಸಾಲೆಗೆ ಹೋಗಿದ್ದಳು, ದೊಡ್ಡವಳಾಗಿದ್ದಳು, ಬಹುಶಃ ಅವನೊಡನೆ ಬಸ್ಸಿನಲ್ಲಿ ಕೂತು ರೋಣದಿಂದ ನರಗುಂದಕ್ಕೆ ಎಷ್ಟೋ ಸಲ ಹೋಗಿಬಂದಿದ್ದಳು. ತನಗೆ ಅವಳ ಸುಳಿವೇ ಇರಲಿಲ್ಲ. ಕೇಳಬಾರದೆಂದು ಗೊತ್ತಿದ್ದೂ ಎಸ್ತೇರ ಕೇಳಿದಳು.

“ಏನ್ ಹೆಸರ್ರಿ?”

ಸಮುವೇಲ ಮೊದಲ ಸಲ ಅವಳನ್ನು ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ.

“ಅದನ್ನ ನಿನಗ ಹೇಳಂಗಿಲ್ಲ ಎಸ್ತೇರ,” ಎಂದ.

ಅವಳು ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ಅವನು ಹಸಿವಾಗಿದೆ ಎಂದ. ಅವಳು ಎದ್ದು ಒಳಗೆ ಹೋಗಿ ಒಲೆ ಹಚ್ಚಿ, ಅಕ್ಕಿ ತೊಳೆಯತೊಡಗಿದಳು. ತೊಳೆಯುತ್ತ, ಮುಂಬಾಗಿಲ ಸಪ್ಪಳವಾದೀತೇನೋ ಎಂದು ಕಿವಿಗೊಟ್ಟು ನಿಂತಳು. ಆಗಲಿಲ್ಲ. ಅವನು ಪಡಸಾಲೆಯಲ್ಲೇ ಕೂತಿದ್ದ.